ಜೀಪಿನ ಜಾರುಮೇಜಿಗೆ ಮಾಡಿಸಿದ ಮೂರು ಬಗೆಯ ರಿಪೇರಿ

ಹೊಸನಗರದ ಬಳಿಯ ತೋಟಕ್ಕೆ ಹೋದಾಗ ಸ್ಟವ್ ಇಡಲು, ಬುತ್ತಿ ಬಿಚ್ಚಲು ಅನುಕೂಲವಾಗಲೆಂದು ಹಳೆಯ ಜೀಪಿನ ಹಿಂಬದಿಗೆ ಹೊರಗೆಳೆಯುವ ಮೇಜೊಂದನ್ನು ಹಲಸಿನ ಹಲಗೆಯಲ್ಲಿ ಮಾಡಿಸಿದ್ದೆ. ಬೇಸಿಗೆಯಲ್ಲಿ ಒಂದೇ ಕೈಗೆ ಬರುತ್ತಿದ್ದ ಮೇಜು ಜುಲೈ ಹೊತ್ತಿಗೆ ಇಬ್ಬರು ಜಗ್ಗಿದರೂ ಅಲುಗಲಿಲ್ಲ. ತೇವ ಹೀರಿದ ಮರ ನಾರಿನ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಹಲಗೆಗಳನ್ನು ಜೀಪಿನ ಉದ್ದಕ್ಕೆ ಜೋಡಿಸಿದ್ದರಿಂದ 70 ಸೆಂ.ಮೀ. ಅಗಲದ ಮೇಜು ಸುಮಾರು 5 ಮಿ.ಮೀ. ಹಿಗ್ಗಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಹಲಗೆಗಳನ್ನು ಅಡ್ಡಲಾಗಿ ಜೋಡಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲವೆಂಬುದು ನನಗೆ ಹೊಳೆದದ್ದು ತಡವಾಗಿ.

ಮೊದಲು ಆಚಾರಿಯವರು ಎರಡೂ ಬದಿಗೆ ಕೀಸುಳಿ ಹಾಕಿ, ತಲಾ 3 ಮಿ.ಮೀ. ತೆಗೆದು, ಜೇನುಮೇಣ ಸವರಿಕೊಟ್ಟರು. ಅರ್ಧ ದಿನದ ಕೂಲಿಯಲ್ಲಿ ಮುಗಿದ ಈ ಕೆಲಸ ಮಳೆಗಾಲವಿಡೀ ಚೆನ್ನಾಗಿಯೇ ನಡೆಯಿತು. ಆದರೆ ಮಾರ್ಚ್‌ನಲ್ಲಿ ಮರ ಒಣಗಿ ಕುಗ್ಗಿದ ಮೇಲೆ ಮೇಜು ಗಡಗಡ ಅಲ್ಲಾಡತೊಡಗಿತು. ಉಬ್ಬಿದ ಮರದ ಅಳತೆ ಹಿಡಿದು ಕೀಸಿದ್ದೇ ತಪ್ಪಾಗಿತ್ತು.

ಎರಡನೆಯದು ಅಡುಗೆಮನೆಯ ಡ್ರಾಯರ್‌ಗಳಿಗೆ ಹಾಕುವ, ಗುಂಡುಗಳ ಮೇಲೆ ಓಡುವ ಉಕ್ಕಿನ ಚಾನೆಲ್. ಇದಕ್ಕೆ ಪ್ರತಿ ಬದಿಗೂ ಸುಮಾರು 13 ಮಿ.ಮೀ. ಸಂದು ಬೇಕಾದ್ದರಿಂದ ಮೇಜನ್ನು ಇನ್ನಷ್ಟು ಕೊಯ್ಯಿಸಬೇಕಾಯಿತು. ಮೇಜು ಪೂರ್ತಿ ಹೊರಬಂದರೂ ಭಾರಕ್ಕೆ ಬಾಗದಿರುವುದು ಚಾನೆಲ್‌ನ ದೊಡ್ಡ ಗುಣ; ಶಿವಮೊಗ್ಗದ ಡಾಂಬರು ರಸ್ತೆಯಲ್ಲಿ ಅದರ ನಯಕ್ಕೆ ಸಾಟಿಯಿರಲಿಲ್ಲ. ತೋಟದ ದಾರಿಯಲ್ಲಿ ಮಾತ್ರ ಒಂದು ಚಕ್ರ ಹೊಂಡಕ್ಕಿಳಿದು ಜೀಪಿನ ಮೈ ತಿರುಚಿದಾಗ ಚಾನೆಲ್‌ಗಳ ನೇರ ತಪ್ಪುತ್ತಿತ್ತು. ಗ್ರೀಸಿಗೆ ಕೆಂಪು ಧೂಳು ಮೆತ್ತಿ ಅರೆದಂತೆ ಸದ್ದು ಬರುತ್ತಿತ್ತು. ಏರಿನಲ್ಲಿ ಮೇಜು ತಾನಾಗಿ ಜಾರಿ ಹಿಂಬಾಗಿಲಿಗೆ ಗುದ್ದುತ್ತಿತ್ತು. ಮರುವರ್ಷದ ಮಳೆಗೆ ಮರ ಹಿಗ್ಗಿದಾಗ, ಬದಿಗೆ ಸರಿಯಲು ಆಸ್ಪದವಿಲ್ಲದ ಚಾನೆಲ್ ಕೂಡ ಬಿಗಿದುಕೊಂಡಿತು.

ಮೂರನೆಯದಕ್ಕೆ ನೈಲಾನ್ ಪಟ್ಟಿ ತರುವವನಿದ್ದೆ. ಅದೂ ನೀರು ಹೀರಿ ಹಿಗ್ಗುವ ವಸ್ತುವಾದ್ದರಿಂದ ಬಿಟ್ಟೆ. ಬದಲಿಗೆ ತರಕಾರಿ ಹೆಚ್ಚುವ ಬಿಳಿಯ ಪಾಲಿಥಿನ್ ಮಣೆಯನ್ನು ಪಟ್ಟಿಗಳಾಗಿ ಸೀಳಿಸಿ ಮೇಜಿನ ಅಡಿಗೆ ಹಾಸಿದೆ. ಇದಕ್ಕೆ ಗೋಂದು ಹಿಡಿಯುವುದಿಲ್ಲವಾದ್ದರಿಂದ ಸ್ಕ್ರೂವನ್ನೇ, ಅದರ ತಲೆ ಪಟ್ಟಿಯೊಳಗೆ ಹುದುಗುವಂತೆ, ಬಿಗಿಯಬೇಕು. ಮೇಜು ಅತ್ತಿತ್ತ ಹೋಗದಂತೆ ಬದಿಗಳಲ್ಲಿ ತಡೆಯುವ ಬದಲು ಅಡಿಯ ನಡುಮಧ್ಯದಲ್ಲಿ ಒಂದೇ ಕಿರಿದಾದ ಪಟ್ಟಿಯನ್ನು ಎರಡು ಪಟ್ಟಿಗಳ ನಡುವಿನ ತೋಡಿನಲ್ಲಿ ಓಡುವಂತೆ ಕೂಡಿಸಿದೆವು. ಹೀಗಾಗಿ ಚಾನೆಲ್‌ಗೆಂದು ಬಿಟ್ಟಿದ್ದ ಸಂದು ಮರ ಎರಡೂ ಕಡೆಗೆ ಹಿಗ್ಗುವ ಜಾಗವಾಯಿತು. ಚಾನೆಲ್‌ಗಿಂತ ಎಳೆಯಲು ತುಸು ಬಿರುಸು, ಮೂರನೆಯ ಒಂದು ಭಾಗ ಒಳಗೇ ಉಳಿಯಬೇಕು, ಒಂದು ಚಿಲಕವೂ ಬೇಕು. ಇಷ್ಟಾದರೂ ಎರಡು ಮಳೆಗಾಲ ಕಳೆದ ಈ ಪಟ್ಟಿಗಳನ್ನೇ ನಾನು ಉಳಿಸಿಕೊಂಡಿದ್ದೇನೆ. ಬಿಚ್ಚಿದ ಚಾನೆಲ್‌ಗಳು ಮನೆಯ ಪಾತ್ರೆಯ ಡ್ರಾಯರ್‌ಗೆ ಸೇರಿ ಅಲ್ಲಿ ತಕರಾರಿಲ್ಲದೆ ಓಡುತ್ತಿವೆ. ಕಳೆದುಕೊಂಡ ಮಣೆಗೆ ಅದು ಬದಲಾಯಿತೆಂದು ಮನೆಯವರು ಒಪ್ಪಿಕೊಂಡಿಲ್ಲ.