ಬ್ಯಾಟರಿಯ ‘ಟಿ’ ಪಿನ್ನಿಗೆ ರೆಸಿಸ್ಟರ್ ಹಾಕಿ ಫೋನನ್ನು ನಂಬಿಸಲು ಹೋಗಬೇಡಿ

ಬ್ಯಾಟರಿ ಬಿಚ್ಚಲು ಬರುವ ಹಳೇ ಫೋನು ನನ್ನದು. ಒಂದು ದಿನ ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ಬ್ಯಾಟರಿ ತುಂಬಾ ತಣ್ಣಗಿದೆ ಅಂತ ಪರದೆಯ ಮೇಲೆ ಬರುತ್ತಿತ್ತು. ಮುಟ್ಟಿದರೆ ಬೆಚ್ಚಗೇ ಇತ್ತು. ಮಲ್ಟಿಮೀಟರ್ ಇಟ್ಟು ನೋಡಿದೆ. ಪ್ಲಸ್, ಮೈನಸ್ ನಡುವೆ 3.8 ವೋಲ್ಟ್, ಸರಿಯಾಗಿಯೇ ಇದೆ. ‘ಟಿ’ ಅಂತ ಬರೆದಿದ್ದ ಮೂರನೇ ಪಿನ್ನಿಗೂ ಮೈನಸ್ಸಿಗೂ ನಡುವೆ ಮಾತ್ರ ಮೀಟರ್ ಏನೂ ತೋರಿಸಲಿಲ್ಲ.

ಆ ಪಿನ್ನಿನ ಹಿಂದೆ ಇರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಇಳಿಯುತ್ತದೆ; ತಣ್ಣಗಾದಂತೆ ಏರುತ್ತದೆ. ಎಷ್ಟೋ ಬ್ಯಾಟರಿಗಳಲ್ಲಿ 25 ಡಿಗ್ರಿಗೆ 10 ಕಿಲೋ ಓಮ್ ಇರುತ್ತದೆ. ಅದನ್ನು ನೋಡಿಯೇ ಫೋನು ಬ್ಯಾಟರಿಯ ಬಿಸಿ ಅಳೆಯುವುದು, ಸುಮಾರು 45 ಡಿಗ್ರಿ ದಾಟಿದರೆ ಚಾರ್ಜ್ ನಿಲ್ಲಿಸುವುದು. ನನ್ನದರಲ್ಲಿ ಒಳಗಿನ ಸಂಪರ್ಕವೇ ತಪ್ಪಿಹೋಗಿತ್ತು. ಸಂಪರ್ಕ ಇಲ್ಲದಿದ್ದರೆ ರೆಸಿಸ್ಟೆನ್ಸ್ ಮಿತಿಯಿಲ್ಲದಷ್ಟು ಹೆಚ್ಚು, ಹಾಗಾಗಿ ಫೋನಿನ ಲೆಕ್ಕದಲ್ಲಿ ಅದು ಕೊರೆಯುವ ಚಳಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದು ತಪ್ಪು ಕೆಲಸ. ಬಿಸಿಯಾದರೂ ಹೆಚ್ಚುಕಡಿಮೆ ಬದಲಾಗದ, 10 ಕಿಲೋ ಓಮ್‌ನ ಸಾದಾ ರೆಸಿಸ್ಟರ್ ಒಂದನ್ನು ಫೋನಿನ ಒಳಗೆ ಆ ಎರಡು ಪಿನ್ನುಗಳ ನಡುವೆ ಬೆಸುಗೆ ಹಾಕಿದೆ. ತಕ್ಷಣ ಚಾರ್ಜ್ ಆಗತೊಡಗಿತು. ಅಲ್ಲಿಂದ ಮುಂದೆ ಬ್ಯಾಟರಿ ಎಷ್ಟೇ ಕಾದರೂ ಫೋನಿಗೆ ಸದಾ 25 ಡಿಗ್ರಿ!

ಬ್ಯಾಟರಿಯೊಳಗೆ ರಕ್ಷಣೆಯ ಸರ್ಕ್ಯೂಟ್ ಇದೆಯಲ್ಲ ಅನ್ನುವ ಧೈರ್ಯ ನನಗಿತ್ತು. ಅದು ವೋಲ್ಟೇಜ್ ಮೀರಿದರೆ, ಶಾರ್ಟ್ ಆದರೆ ತಡೆಯುತ್ತದೆ. ಬಿಸಿ ನೋಡಿಕೊಳ್ಳುವುದು ಸಾಮಾನ್ಯವಾಗಿ ಫೋನಿನ ಕೆಲಸ. ಆ ದಾರಿಯನ್ನೇ ನಾನು ಮುಚ್ಚಿಬಿಟ್ಟಿದ್ದೆ.

ಎರಡು ವಾರ ಕಳೆದಿರಬೇಕು. ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ, ಫೋನಿನ ಮೇಲೆ ಹೊದಿಕೆ ಬಿದ್ದಿತ್ತು. ಬೆಳಿಗ್ಗೆ ನೋಡಿದರೆ ಹಿಂದಿನ ಮುಚ್ಚಳ ಒಂದು ಕಡೆ ಎದ್ದು ನಿಂತಿದೆ. ಬ್ಯಾಟರಿ ದಿಂಬಿನ ಹಾಗೆ ಉಬ್ಬಿದೆ, ಅಂಚಿನಲ್ಲಿ ಸಿಹಿಸಿಹಿ ಘಾಟು. ಮನೆಯವರೆಲ್ಲ ಮಲಗಿದ್ದ ಕೋಣೆ ಅದು. ನೆನೆದರೆ ಈಗಲೂ ಕೈ ನಡುಗುತ್ತದೆ.

ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗಂತೂ ಹಾಕಲೇಬೇಡಿ. ಸುಡುವ ವಸ್ತುಗಳಿಂದ ದೂರ, ಹೊರಗೆ ಇಟ್ಟು ಇ-ತ್ಯಾಜ್ಯಕ್ಕೆ ಕೊಡಿ. ನಿಮ್ಮ ಫೋನೂ ತಣ್ಣಗಿದೆ ಅಂತ ಹಟ ಹಿಡಿದರೆ ಮೊದಲು ಪಿನ್ನುಗಳನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಎಷ್ಟೋ ಸಲ ಬರೀ ಕೊಳೆ ಇರುತ್ತದೆ. ಅದಕ್ಕೂ ಸರಿಹೋಗದಿದ್ದರೆ ಬ್ಯಾಟರಿಯನ್ನೇ ಬದಲಿಸಿ.

ನಾನು ಆ ರೆಸಿಸ್ಟರ್ ಕಿತ್ತು ಹೊಸ ಬ್ಯಾಟರಿ ತಂದೆ. ಹಾಕುವ ಮೊದಲು ‘ಟಿ’ ಪಿನ್ನಿಗೆ ಮೀಟರ್ ಇಟ್ಟು, ಬ್ಯಾಟರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದೆ. 10ರ ಹತ್ತಿರ ಇದ್ದ ಅಂಕಿ ಮೆಲ್ಲಗೆ 8ರ ಕಡೆಗೆ ಇಳಿಯಿತು.