ಪ್ಲಸ್ 3 ಕ್ಲೋಸಪ್ ಲೆನ್ಸ್: ಏರೋಪ್ಲೇನ್ ಚಿಟ್ಟೆ ಹಿಂದೆ ಬಿದ್ದವರಿಗೆ

ಜೂಮ್ ಲೆನ್ಸ್ ಮುಂದೆ ತಿರುಗಿಸಿ ಹಾಕುವ ಈ ಕ್ಲೋಸಪ್ ಲೆನ್ಸ್‌ಗೆ ಕೊಟ್ಟ ದುಡ್ಡು ದಂಡ ಆಗಲಿಲ್ಲ. ಕನ್ನಡಕದ ನಂಬರ್ ಹಾಗೆ ಇದಕ್ಕೆ ಪ್ಲಸ್ 3 ಪವರ್. ಸುಮಾರು 33 ಸೆಂಟಿಮೀಟರ್ ದೂರದಿಂದಲೇ ಫೋಕಸ್ ಸಿಗುತ್ತದೆ. ಪ್ಲಸ್ 8 ಆದರೆ ಹನ್ನೆರಡು ಸೆಂಟಿಮೀಟರ್‌ಗೆ ಹೋಗಬೇಕು. ಅಷ್ಟು ಹತ್ತಿರ ಯಾವ ಏರೋಪ್ಲೇನ್ ಚಿಟ್ಟೆ ಬಿಟ್ಟುಕೊಳ್ಳುತ್ತದೆ ಹೇಳಿ!

ವಿರಾಜಪೇಟೆ ಕಡೆಯ ನಮ್ಮ ತೋಟದ ತೋಡಿನಲ್ಲಿ ಸ್ಟ್ರೀಮ್ ಗ್ಲೋರಿ ಇದೆ, ಡ್ಯಾಮ್ಸೆಲ್‌ಫ್ಲೈ ಜಾತಿಯದು, ಅಂದರೆ ಏರೋಪ್ಲೇನ್ ಚಿಟ್ಟೆಯ ತೆಳ್ಳಗಿನ ನೆಂಟ. ಗಂಡು ರೆಕ್ಕೆ ಮಡಚಿ ಕೂತಾಗ ಸುಮ್ನೆ ಕಂದು ಬಣ್ಣ. ಹಿಂದಿನ ರೆಕ್ಕೆ ಬಿಚ್ಚಿದರೆ ನವಿಲಿನ ಕತ್ತಿನ ಹಾಗೆ ಮಿಂಚುವ ಹಸಿರು, ತುದಿ ಮಾತ್ರ ಕಪ್ಪು. ಒಂದೇ ಕ್ಷಣ, ಮತ್ತೆ ಮಡಚಿಬಿಡುತ್ತದೆ. ಒಂದರ ಹಿಂದೆ ಒಂದು ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಹಾಕಿಟ್ಟುಕೊಳ್ಳಿ.

ಉಳಿದ ಏರೋಪ್ಲೇನ್ ಚಿಟ್ಟೆಗಳ ಗುರುತು ಹಿಡಿಯಲು ಮೇಲಿಂದ ತೆಗೆದ ಚಂದದ ಫೋಟೋ ಸಾಲದು. ಪಕ್ಕದಿಂದ ಎದೆಯ ಪಟ್ಟೆ, ಬಾಲದ ತುದಿಯ ಕೊಂಡಿ ಕಾಣಬೇಕು ಅಲ್ವಾ? ಲೆನ್ಸ್‌ನ ಬೆಳಕಿನ ಕಿಂಡಿ (ಅಪರ್ಚರ್) ಎಫ್ 8ರಲ್ಲಿ ಇಟ್ಟರೆ ಎರಡೂ ಸ್ಪಷ್ಟ.

ಬೆಳಕು ಜಾಸ್ತಿ ಇದ್ದರೆ ಫೋಟೋದಲ್ಲಿ ರೆಕ್ಕೆಯ ಅಂಚಿಗೆ ನೇರಳೆ ಗೆರೆ ಬರುತ್ತದೆ, ಅದು ಲೆನ್ಸ್‌ನ ದೋಷ. ಕಾಫಿ ಗಿಡದ ನೆರಳಲ್ಲಿ ಫ್ಲ್ಯಾಶ್ ಬೇಕೇ ಬೇಕು. ಮುಚ್ಚಳ ಅಂತೂ ಸಡಿಲ. ಅಂಗಡಿಯವರನ್ನು ಕೇಳಿದರೆ, "ಅದು ಹಾಗೇ ಸಾರ್" ಅಂದರು. ಜಿಗಣೆಗೆ ಸುಣ್ಣ ನೀವೇ ತರಬೇಕು, ಬಾಕ್ಸ್‌ನಲ್ಲಿ ಕೊಡುವುದಿಲ್ಲ.