ಲಕ್ಷ ಫೋಟೊ, ಕನ್ನಡ ಟ್ಯಾಗು: ಅಪ್‌ಗ್ರೇಡ್ ಆದ ಹಳೆಯದು, ಡಾರ್ಕ್‌ಟೇಬಲ್, ಡಿಜಿಕ್ಯಾಮ್

ಮೊದಲೇ ಹೇಳಿಬಿಡುತ್ತೇನೆ, ಫೋಟೊಗಳಿಗೆ ಟ್ಯಾಗು ಹಾಕಿ ಜೋಡಿಸಿಟ್ಟು ಬೇಕಾದಾಗ ಹುಡುಕುವ ಸಾಫ್ಟ್‌ವೇರುಗಳಲ್ಲಿ ನನ್ನ ವೋಟು ಡಿಜಿಕ್ಯಾಮಿಗೆ. ಡಾರ್ಕ್‌ಟೇಬಲ್ ಅದರ ಜೊತೆಗಿದೆ, ಫೋಟೊ ತಿದ್ದುವುದಕ್ಕೆ. ದುಡ್ಡು ಕೊಟ್ಟು ಅಪ್‌ಗ್ರೇಡ್ ಮಾಡಿಕೊಂಡ ಸಾಫ್ಟ್‌ವೇರು ಕಂಪ್ಯೂಟರಿನಲ್ಲಿ ಇನ್ನೂ ಇದೆ, ಆದರೆ ಫೋಟೊ ಡಿಸ್ಕಿನ ಮೇಲೆ ಒಂದಕ್ಷರ ಬರೆಯುವುದಕ್ಕೂ ಅದಕ್ಕೆ ಅನುಮತಿ ಇಲ್ಲ. ಅದರ ಹೆಸರು ಬೇಡ, ‘ಹಳೆಯದು’ ಅಂತ ಕರೆಯೋಣ.

ನನ್ನದು ಶಿವಮೊಗ್ಗದಲ್ಲಿ ಒಂದು ಸಣ್ಣ ಸ್ಟುಡಿಯೊ. ಸೀಸನ್ನಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶ. ಮಳೆ ಹಿಡಿದರೆ ಸಮಾರಂಭಗಳು ಕಡಿಮೆ. ಆಗ ಮಂಡಗದ್ದೆ, ಗುಡವಿ, ಆಗುಂಬೆ ಕಡೆ ಹಕ್ಕಿ ಹುಡುಕಿಕೊಂಡು ಹೋಗುತ್ತೇನೆ. ಹೀಗೆ ಸೇರಿದ ಫೋಟೊ 1 ಲಕ್ಷ 30 ಸಾವಿರ ದಾಟಿದೆ. ಟ್ಯಾಗೆಲ್ಲ ಕನ್ನಡದಲ್ಲಿ. ಊರು, ಮನೆತನ, ಸಮಾರಂಭ, ಹಕ್ಕಿಯ ಹೆಸರು. ನನಗೂ ಅಂಗಡಿಯ ಹುಡುಗನಿಗೂ ‘ಮಂಗಟ್ಟೆ’ ಅಂತ ಹುಡುಕುವುದೇ ಸಲೀಸು. ತೀರ್ಥಹಳ್ಳಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಚ್ ಹಾಕಿದ್ದೆವು ಅಂತ ನೆನಪಿಡುವ ಗೋಜಿಲ್ಲ.

ಟ್ಯಾಗಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂದರೆ, ನಮಗೆ ಬರುವ ಫೋನುಗಳು ಹೀಗಿರುತ್ತವೆ: “ಅಣ್ಣಾ, ನಮ್ಮ ದೊಡ್ಡಪ್ಪ ಹೋಗಿಬಿಟ್ರು. ಅಕ್ಕನ ಮದುವೇಲಿ ನೀವೇ ತೆಗೆದಿದ್ರಲ್ಲ, ಅವರದ್ದೊಂದು ಒಳ್ಳೆ ಫೋಟೊ ಇದ್ರೆ ನೋಡಿ. ಫ್ರೇಮ್ ಹಾಕಿಸಬೇಕು.” ಆಗ ‘ನಾಳೆ ನೋಡ್ತೀನಿ’ ಅನ್ನೋಕಾಗಲ್ಲ.

ಅಪ್‌ಗ್ರೇಡ್ ಮಾಡಿದ್ದು ಶೋಕಿಗಲ್ಲ. ಹೊಸ ಕ್ಯಾನನ್ ಕ್ಯಾಮೆರಾ ಬಂತು. ಕ್ಯಾನನ್ 2018ರಿಂದ ತನ್ನ ರಾ ಫೈಲನ್ನು, ಅಂದರೆ ಕ್ಯಾಮೆರಾ ಕೊಡುವ ಕಚ್ಚಾ ಚಿತ್ರವನ್ನು, ಸಿಆರ್3 ಎಂಬ ಹೊಸ ರೂಪಕ್ಕೆ ಬದಲಿಸುತ್ತಾ ಬಂದಿದೆ. ನನ್ನ ಹಳೆ ಆವೃತ್ತಿಗೆ ಅದು ಓದಲು ಬರುತ್ತಿರಲಿಲ್ಲ. ಹೊಸ ಆವೃತ್ತಿಗೆ ಬರುತ್ತದೆ, ಆದರೆ ಅದು ವರ್ಷ ವರ್ಷ ದುಡ್ಡು ಕಟ್ಟುವ ಲೆಕ್ಕ. ಕಟ್ಟಿದೆ.

ಸಣ್ಣ ತೊಂದರೆಗಳನ್ನು ಬೇಗ ಮುಗಿಸಿಬಿಡುತ್ತೇನೆ. ಹೊಸ ಆವೃತ್ತಿ ಹಳೆ ಕ್ಯಾಟಲಾಗನ್ನು (ಎಲ್ಲ ಫೋಟೊ, ಟ್ಯಾಗುಗಳ ಪಟ್ಟಿ) ಹಾಗೇ ಬಿಟ್ಟು, ಇನ್ನೊಂದು ಹೊಸದನ್ನು ಮಾಡಿಕೊಂಡಿತು. ಅದು ಒಳ್ಳೆಯದೇ. ಆದರೆ ಪ್ರಿವ್ಯೂ ಚಿತ್ರಗಳನ್ನೂ ಹೊಸದಾಗಿ ಮಾಡುತ್ತಾ ಹೋಗಿ ಸಿ ಡ್ರೈವ್ ತುಂಬಿಸಿತು. ನಡುವೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಸುಸ್ತಾಯಿತು, ಪರಿವರ್ತನೆ ಮೊದಲಿಂದ ಶುರು. ಮಲೆನಾಡಿನ ಮಳೆಗಾಲದಲ್ಲಿ ಇದು ಸುದ್ದಿಯೇ ಅಲ್ಲ. ಹೊಸ ಕ್ಯಾಟಲಾಗು ಹಳೆ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಅದೂ ಎಲ್ಲ ಕಡೆ ಇರುವುದೇ.

ತಲೆ ತಿಂದದ್ದು ಬೇರೆ.

‘ಮಂಡಗದ್ದೆ’ ಅಂತ ಹುಡುಕಿದರೆ ಬೆಳ್ಳಕ್ಕಿಗಳೆಲ್ಲ ಸರಿಯಾಗಿ ಬಂದವು. ಹಾಗಾಗಿ ಎಲ್ಲ ಸರಿ ಇದೆ ಅಂದುಕೊಂಡೆವು. ಆಮೇಲೆ ಒಂದು ಮದುವೆಯ ಫೋಟೊ ಹುಡುಕಿದರೆ ಒಂದೂ ಇಲ್ಲ. ಫೋಲ್ಡರಿಗೆ ಹೋಗಿ ನೋಡಿದರೆ ಫೋಟೊ ಇದೆ, ಟ್ಯಾಗಿನ ಜಾಗದಲ್ಲಿ ವಿಚಿತ್ರ ಬರಹ. ತಲೆ ಮೇಲೆ ಗೀಟಿರುವ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲ್ಗಡೆ ಪುಟ್ಟ 2, ಇನ್ನೇನೋ ಒಂದು ಚಿಹ್ನೆ. ಮತ್ತೆ ಅದೇ ‘ಎ’. ಕೆಲವು ಕಡೆ ಪುಟ್ಟ 2ರ ಬದಲು ಪುಟ್ಟ 3. ಸಾಲು ಸಾಲು ಹೀಗೇ.

ಇದನ್ನು ನೋಡಿದವರು ವೈರಸ್ ಅಂದುಕೊಳ್ಳಬೇಡಿ. ಇದು ಕನ್ನಡವೇ. ಯೂನಿಕೋಡ್ ಕನ್ನಡವನ್ನು ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದಾಗ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಮೊದಲನೇ ಬೈಟು ಎಲ್ಲಕ್ಕೂ ಒಂದೇ. ಅದನ್ನು ಪಾಶ್ಚಾತ್ಯ ಭಾಷೆಗಳ ಹಳೆ ಪದ್ಧತಿಯಲ್ಲಿ ಓದಿದರೆ ಆ ಗೀಟಿನ ‘ಎ’ ಕಾಣುತ್ತದೆ. ಎರಡನೇ ಬೈಟು ಎರಡೇ ಥರ. ಅಕ್ಷರಗಳಿಗೆ ಪುಟ್ಟ 2, ಕೊಂಬು, ಎತ್ವ, ಅರ್ಧಾಕ್ಷರದ ಗುರುತಿಗೆ ಪುಟ್ಟ 3. ಅಂದರೆ ಮಾಹಿತಿ ಹಾಳಾಗಿಲ್ಲ, ಓದುವವನು ತಪ್ಪು ಓದುತ್ತಿದ್ದಾನೆ ಅಷ್ಟೆ.

ಯಾಕೆ ತಪ್ಪು ಓದಿತು? ಒಂದು ಫೈಲನ್ನು ಎಕ್ಸಿಫ್‌ಟೂಲಿನಲ್ಲಿ ಬಿಚ್ಚಿ ನೋಡಿದೆ. ಫೋಟೊ ಫೈಲಿನೊಳಗಿನ ಮಾಹಿತಿ ಓದಲು, ಬದಲಿಸಲು ಫಿಲ್ ಹಾರ್ವೆ ಎಂಬವರು ಮಾಡಿ ಉಚಿತವಾಗಿ ಹಂಚುತ್ತಿರುವ ಸಾಧನ ಇದು. ಫೋಟೊ ಕೆಲಸದವರೆಲ್ಲ ಇಟ್ಟುಕೊಳ್ಳಬೇಕು. ಜೆಪೆಗ್ ಒಳಗೆ ಟ್ಯಾಗು ಎರಡು ಕಡೆ ಇತ್ತು. ಒಂದು ಎಕ್ಸ್‌ಎಂಪಿ ಭಾಗದಲ್ಲಿ, ಇನ್ನೊಂದು ಐಪಿಟಿಸಿ ಭಾಗದಲ್ಲಿ. ಫೋಟೊ ಜೊತೆ ಮಾಹಿತಿ ಬರೆದಿಡುವ ಎರಡು ಪದ್ಧತಿಗಳು ಇವು. ಎಕ್ಸ್‌ಎಂಪಿಯನ್ನು ಅಡೋಬಿ 2001ರಲ್ಲಿ ತಂದದ್ದು, ಅದು ಯೂನಿಕೋಡನ್ನೇ ನಂಬಿಕೊಂಡಿದೆ. ಐಪಿಟಿಸಿ ಅದಕ್ಕಿಂತ ಹಳೆಯದು, 1990ರ ದಶಕದ ಶುರುವಿನಲ್ಲಿ ಸುದ್ದಿಸಂಸ್ಥೆಗಳಿಗಾಗಿ ಮಾಡಿದ್ದು. ಅದರಲ್ಲಿ ‘ಇದು ಯುಟಿಎಫ್-8’ ಅಂತ ಪ್ರತ್ಯೇಕ ಗುರುತು ಹಾಕಬೇಕು. ಹಾಕದಿದ್ದರೆ ಓದುವವನು ಊಹೆ ಮಾಡುತ್ತಾನೆ. ನನ್ನ ಫೈಲುಗಳಲ್ಲಿ ಗುರುತು ಇರಲಿಲ್ಲ. ಹಳೆ ಆವೃತ್ತಿ ಎಕ್ಸ್‌ಎಂಪಿ ನೋಡುತ್ತಿತ್ತು, ಹೊಸದು ಐಪಿಟಿಸಿ ನೋಡಿತು. ಹಕ್ಕಿಗಳು ಬಚಾವಾದದ್ದು ಅವು ರಾ ಫೈಲುಗಳಾದ್ದರಿಂದ. ಅವುಗಳ ಟ್ಯಾಗು ಪಕ್ಕದ ಎಕ್ಸ್‌ಎಂಪಿ ಫೈಲಿನಲ್ಲಿ ಮಾತ್ರ ಇತ್ತು. ಮದುವೆ ಫೋಟೊಗಳು ಗಿರಾಕಿಗೆ ಕೊಟ್ಟ ಜೆಪೆಗ್‌ಗಳು, ಸಿಕ್ಕಿಬಿದ್ದವು.

ಐಪಿಟಿಸಿಯಲ್ಲಿ ಇನ್ನೊಂದು ಗಂಟಿದೆ. ಒಂದು ಕೀವರ್ಡಿಗೆ, ಅಂದರೆ ಒಂದು ಟ್ಯಾಗಿಗೆ, 64 ಬೈಟು ಮಾತ್ರ. ಇಂಗ್ಲಿಷಿಗೆ ಧಾರಾಳ. ನಮಗೆ 21 ಚಿಹ್ನೆ ಆಗುವಷ್ಟರಲ್ಲಿ ಮುಗಿಯಿತು, ಒತ್ತು ಕೊಂಬು ಎಲ್ಲ ಲೆಕ್ಕಕ್ಕೆ ಬರುತ್ತವೆ. ‘ಗುಡವಿ ಪಕ್ಷಿಧಾಮ ಸೊರಬ ತಾಲ್ಲೂಕು’ ಅಂತ ನಾವು ಹಾಕಿದ ಟ್ಯಾಗು 78 ಬೈಟು ಆಗುತ್ತದೆ. ಜೆಪೆಗ್‌ಗಳಲ್ಲಿ ಅದು ‘ಗುಡವಿ ಪಕ್ಷಿಧಾಮ ಸೊರಬ ತಾಲ’ ಅಂತ ಕತ್ತರಿಸಿ, ಕೊನೆಗೊಂದು ಮುರಿದ ಅಕ್ಷರ ಇಟ್ಟುಕೊಂಡು ಕೂತಿತ್ತು. ಊರಿನ ಹೆಸರಿನ ಜಾಗ ಇನ್ನೂ ಇಕ್ಕಟ್ಟು, 32 ಬೈಟು. ತೀರ್ಥಹಳ್ಳಿ 30ಕ್ಕೆ ಹಿಡಿಸುತ್ತದೆ. ಚಿಕ್ಕಮಗಳೂರು 33, ಹೊರಗೆ! ಆ ಕಡೆಯವರು ಬೇಜಾರು ಮಾಡಿಕೊಳ್ಳಬೇಡಿ.

ಇಷ್ಟಕ್ಕೇ ನಿಂತಿದ್ದರೆ ಕ್ಷಮಿಸಬಹುದಿತ್ತು. ಹೊಸ ಆವೃತ್ತಿಯಲ್ಲಿ ‘ಬದಲಾವಣೆಗಳನ್ನು ಫೈಲಿಗೆ ತಾನೇ ಬರೆ’ ಎಂಬ ಆಯ್ಕೆ ಚಾಲೂ ಇತ್ತು. ತಾನು ತಪ್ಪು ಓದಿದ್ದನ್ನು ಅದು ಸರಿಯಿದ್ದ ಎಕ್ಸ್‌ಎಂಪಿ ಭಾಗಕ್ಕೂ ಬರೆಯುತ್ತಾ ಹೋಯಿತು. ಎಲ್ಲಿಂದ ಮೊದಲು ಓದಬೇಕು ಅಂತ ಹೇಳುವ ಜಾಗ ಎಲ್ಲಾದರೂ ಇದೆಯಾ ಅಂತ ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಇಲ್ಲ. ಸಹಾಯವಾಣಿಗೆ ಬರೆದರೆ ‘ಕ್ಯಾಟಲಾಗನ್ನು ಮತ್ತೆ ಕಟ್ಟಿ ನೋಡಿ’ ಅಂದರು. ಮತ್ತೆ ಕಟ್ಟಿದರೆ ಮತ್ತೆ ಅದನ್ನೇ ಓದುತ್ತದೆ ಅಲ್ವಾ? ಕೆಟ್ಟ ಫೈಲುಗಳನ್ನು ಬ್ಯಾಕಪ್ ಡಿಸ್ಕಿನಿಂದ ವಾಪಸ್ ತಂದೆ. ಉಳಿದವುಗಳ ಐಪಿಟಿಸಿ ಭಾಗವನ್ನು ಎಕ್ಸಿಫ್‌ಟೂಲಿನಿಂದ ಅಳಿಸಿ, ಎಕ್ಸ್‌ಎಂಪಿ ಮಾತ್ರ ಉಳಿಸಿದೆ. ನೀವೂ ಮಾಡುವುದಾದರೆ ಒಂದು ಮಾತು: ಎಕ್ಸಿಫ್‌ಟೂಲು ಬದಲಿಸುವ ಮುಂಚೆ ಪ್ರತಿ ಫೈಲಿನ ಮೂಲಪ್ರತಿಯನ್ನು ‘ಒರಿಜಿನಲ್’ ಅಂತ ಹೆಸರಿಗೆ ಸೇರಿಸಿ ಪಕ್ಕದಲ್ಲೇ ಇಡುತ್ತದೆ. ಡಿಸ್ಕಿನಲ್ಲಿ ಅಷ್ಟೇ ಜಾಗ ಖಾಲಿ ಇರಲಿ.

ಇದಾದ ಮೇಲೆ ಬೇರೆ ಏನಿದೆ ಅಂತ ನೋಡಲು ಹೊರಟದ್ದು. ಅಳತೆಗೋಲು ಒಂದೇ: ಕನ್ನಡ ಟ್ಯಾಗನ್ನು ಎಲ್ಲಿ ಬರೆಯಬೇಕು, ಎಲ್ಲಿಂದ ಓದಬೇಕು ಅನ್ನುವುದು ನನ್ನ ಕೈಯಲ್ಲಿ ಇರಬೇಕು.

ಡಾರ್ಕ್‌ಟೇಬಲ್ ಈ ವಿಷಯದಲ್ಲಿ ಬಹಳ ಶಿಸ್ತಿನ ಮನುಷ್ಯ. ಮೂಲ ಫೈಲನ್ನು ಅದು ಮುಟ್ಟುವುದೇ ಇಲ್ಲ. ರಾ ಇರಲಿ ಜೆಪೆಗ್ ಇರಲಿ, ಪಕ್ಕದಲ್ಲಿ ಒಂದು ಎಕ್ಸ್‌ಎಂಪಿ ಫೈಲು ಇಟ್ಟು ಅದರಲ್ಲಿ ಬರೆಯುತ್ತದೆ. ಉಪ್ಪಿನಕಾಯಿ ಭರಣಿಗೆ ಅಂಟಿಸದೆ, ಪಕ್ಕದಲ್ಲಿ ‘ಅಪ್ಪೆಮಿಡಿ’ ಅಂತ ಚೀಟಿ ಇಟ್ಟ ಹಾಗೆ. ಭರಣಿ ಬೇರೆ ಮನೆಗೆ ಹೋದರೆ ಚೀಟಿಯನ್ನೂ ಮರೆಯದೆ ಜೊತೆಗೆ ಕಳಿಸಬೇಕು. ಹೊಸ ಆವೃತ್ತಿ ಹಾಕಿದಾಗ ಇದೂ ಡೇಟಾಬೇಸನ್ನು ಬದಲಿಸುತ್ತದೆ, ಆದರೆ ಬದಲಿಸುವ ಮುಂಚೆ ಹಿಂದಿನ ಡೇಟಾಬೇಸಿನ ಪ್ರತಿ ತೆಗೆದಿಡುತ್ತದೆ. ರಾ ಫೈಲು ತಿದ್ದುವುದಕ್ಕೆ ನನಗೆ ಹಳೆಯದಕ್ಕಿಂತ ಇದೇ ಇಷ್ಟವಾಯಿತು. ಆಗುಂಬೆ ಮಂಜಿನಲ್ಲಿ ತೆಗೆದ ಮಸುಕು ಫೋಟೊಗಳಿಗೆ ಅದರ ಹೇಜ್ ತೆಗೆಯುವ ಸಾಧನ ಚೆನ್ನಾಗಿದೆ.

ಆದರೆ ಇದು ಮುಖ್ಯವಾಗಿ ತಿದ್ದುವವರ ಸಾಫ್ಟ್‌ವೇರು. ದಿನವಿಡೀ ಫೋಟೊ ಹುಡುಕುವವರದ್ದಲ್ಲ. ಮುಖ ಗುರುತಿಸುವ ಸೌಲಭ್ಯ ಇಲ್ಲ. (ಬಾಸಿಂಗ ಕಟ್ಟಿದ ಮದುಮಗನ ಮುಖವನ್ನು ನಾನು ಯಾವ ಸಾಫ್ಟ್‌ವೇರಿಗೂ ನಂಬಿ ಬಿಡುವುದಿಲ್ಲ, ಅದು ಬೇರೆ ಮಾತು.) ಅಂಗಡಿಯ ಹುಡುಗ ಅದರ ಮಾಡ್ಯೂಲುಗಳ ಪಟ್ಟಿ ನೋಡಿ, “ಸಾರ್, ಇದು ನೀವೇ ಇಟ್ಕೊಳ್ಳಿ” ಅಂದ.

ಡಿಜಿಕ್ಯಾಮಿಗೆ ಬರೋಣ. ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ ಉಚಿತ ಸಾಫ್ಟ್‌ವೇರು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಸಿಗುತ್ತದೆ. ನೋಡಲು ಚೆಲುವೇನಿಲ್ಲ. ಎಡಗಡೆ ಬಲಗಡೆ ಬಟನ್ನುಗಳೋ ಬಟನ್ನುಗಳು. ಆದರೆ ಸೆಟ್ಟಿಂಗ್ಸಿನಲ್ಲಿ ಮೆಟಾಡೇಟಾ (ಫೋಟೊ ಜೊತೆಗಿನ ಮಾಹಿತಿ) ಅಂತ ಪುಟ ಇದೆ, ಅದರೊಳಗೆ ಅಡ್ವಾನ್ಸ್ಡ್ ಅಂತ ಇನ್ನೊಂದು. ಅಲ್ಲಿ ಟ್ಯಾಗನ್ನು ಯಾವ ಯಾವ ಜಾಗದಿಂದ ಓದುತ್ತೇನೆ, ಯಾವ ಕ್ರಮದಲ್ಲಿ ಓದುತ್ತೇನೆ, ಎಲ್ಲೆಲ್ಲಿ ಬರೆಯುತ್ತೇನೆ ಅಂತ ಪಟ್ಟಿಯೇ ಇದೆ. ಬೇಡದ್ದರ ಗುರುತು ತೆಗೆಯಬಹುದು, ಬೇಕಾದ್ದನ್ನು ಮೇಲೆ ಸರಿಸಬಹುದು. ನಾನು ಐಪಿಟಿಸಿ ಸಾಲಿನ ಗುರುತು ತೆಗೆದೆ. ಮುಗಿಯಿತು. ಹಳೆಯದರಲ್ಲಿ ನಾನು ಹುಡುಕಿ ಸೋತದ್ದು ಇದೇ ಪಟ್ಟಿ.

ಪಕ್ಕದ ಎಕ್ಸ್‌ಎಂಪಿ ಫೈಲಿನ ಹೆಸರಿನ ವಿಷಯದಲ್ಲೂ ಇದಕ್ಕೂ ಡಾರ್ಕ್‌ಟೇಬಲಿಗೂ ಹೊಂದಾಣಿಕೆ ಇದೆ. ಎರಡೂ ಫೋಟೊದ ಪೂರ್ತಿ ಹೆಸರಿನ ಕೊನೆಗೆ ಎಕ್ಸ್‌ಎಂಪಿ ಅಂತ ಸೇರಿಸುತ್ತವೆ. ಡಿಜಿಕ್ಯಾಮಿನಲ್ಲಿ ಹಾಕಿದ ಟ್ಯಾಗು ಡಾರ್ಕ್‌ಟೇಬಲಿನಲ್ಲಿ ಕಾಣಬೇಕೆಂದರೆ, ಶುರುವಾಗುವಾಗ ಬದಲಾದ ಎಕ್ಸ್‌ಎಂಪಿ ಹುಡುಕು ಎಂಬ ಆಯ್ಕೆಯನ್ನು ಡಾರ್ಕ್‌ಟೇಬಲಿನಲ್ಲಿ ಚಾಲೂ ಮಾಡಿ. ಎರಡನ್ನೂ ಒಟ್ಟಿಗೆ ತೆರೆದು ಒಂದೇ ಫೋಲ್ಡರಿನಲ್ಲಿ ಕೆಲಸ ಮಾಡಬೇಡಿ, ಯಾರು ಕೊನೆಗೆ ಬರೆದರೋ ಅವರದ್ದೇ ಉಳಿಯುತ್ತದೆ.

ದೊಡ್ಡ ಸಂಗ್ರಹಕ್ಕೆ ಡಿಜಿಕ್ಯಾಮ್ ಆಗುತ್ತದಾ? ಮೊದಲ ಸಲ ಎಲ್ಲವನ್ನೂ ಓದಿಕೊಳ್ಳುವಾಗ ನಿಧಾನ. ರಾತ್ರಿ ಬಿಟ್ಟು ಮನೆಗೆ ಹೋಗಿ. ಒಂದು ಲಕ್ಷಕ್ಕಿಂತ ಜಾಸ್ತಿ ಫೋಟೊ ಇದ್ದವರಿಗೆ ಅದರ ಕೈಪಿಡಿ ಎಸ್‌ಕ್ಯುಲೈಟ್ ಬದಲು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸನ್ನು ಸೂಚಿಸುತ್ತದೆ. ನಾನು ಎಸ್‌ಕ್ಯುಲೈಟಿನಲ್ಲೇ ಇದ್ದೇನೆ. ಡೇಟಾಬೇಸನ್ನು ಎಸ್‌ಎಸ್‌ಡಿಯಲ್ಲಿ ಇಟ್ಟು, ಫೋಟೊಗಳನ್ನು ದೊಡ್ಡ ಹಾರ್ಡ್‌ಡಿಸ್ಕಿನಲ್ಲಿ ಇಟ್ಟರೆ ನನ್ನ ಕೆಲಸಕ್ಕೆ ಸಾಕು. ಡೇಟಾಬೇಸನ್ನು ನೆಟ್‌ವರ್ಕ್ ಡಿಸ್ಕಿನಲ್ಲಿ ಇಡಲೇಬೇಡಿ. ಅಂದಹಾಗೆ, ಆವೃತ್ತಿ 8 ಬಂದರೂ ಆ ಡೇಟಾಬೇಸ್ ಫೈಲಿನ ಹೆಸರಿನಲ್ಲಿ ಇನ್ನೂ 4 ಅಂತಲೇ ಇದೆ. ಹಳೇ ಫೈಲು ಅಂತ ಅಳಿಸಿಬಿಟ್ಟೀರಿ!

ಒಂದೇ ಫೋಟೊ ಹತ್ತು ಕಡೆ ಇದ್ದರೆ ಹುಡುಕಿ ತೋರಿಸುವ ಸೌಲಭ್ಯ ಡಿಜಿಕ್ಯಾಮಿನಲ್ಲಿದೆ. ಮದುವೆ ಕೆಲಸದವರಿಗೆ ಇದೊಂದಕ್ಕೇ ಹಾಕಿಕೊಳ್ಳಬಹುದು.

ಗೂಗಲ್ ಫೋಟೋಸ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. 2021ರ ಜೂನ್ 1ರಿಂದ ಅಲ್ಲಿ ಹೊಸದಾಗಿ ಹಾಕಿದ್ದೆಲ್ಲ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೆ ಬರುತ್ತದೆ. ಒಂದೇ ಮದುವೆಯ ರಾ ಫೈಲುಗಳೆಲ್ಲ ಸೇರಿದರೆ ಅದನ್ನು ಮೀರುತ್ತವೆ. ನಮ್ಮ ನೆಟ್ಟಿನಲ್ಲಿ ಅಪ್‌ಲೋಡ್ ಮುಗಿಯುವಷ್ಟರಲ್ಲಿ ಮದುಮಕ್ಕಳ ಮೊದಲ ದೀಪಾವಳಿ ಬಂದಿರುತ್ತದೆ. ಪಿಕಾಸಾ ಇನ್ನೂ ಇಟ್ಟುಕೊಂಡಿರುವ ಸ್ಟುಡಿಯೊಗಳಿವೆ. ಅದನ್ನು ಗೂಗಲ್ 2016ರಲ್ಲೇ ನಿಲ್ಲಿಸಿದೆ, ಹೊಸ ರಾ ಫೈಲು ಅದಕ್ಕೆ ಗೊತ್ತಿಲ್ಲ.

ನಿಮ್ಮ ಟ್ಯಾಗೆಲ್ಲ ಇಂಗ್ಲಿಷಿನಲ್ಲಿದ್ದರೆ, ಆಲ್ಬಂ ಜೋಡಣೆ, ಪ್ರಿಂಟು, ತಿದ್ದುವುದು ಎಲ್ಲ ಒಂದೇ ಕಡೆ ಬೇಕೆಂದರೆ, ವರ್ಷದ ದುಡ್ಡು ಭಾರ ಅನ್ನಿಸದಿದ್ದರೆ, ಹಳೆಯದರ ಹೊಸ ಆವೃತ್ತಿಯಲ್ಲಿ ನಿಮಗೆ ತಕರಾರೇ ಕಾಣದೆ ಇರಬಹುದು. ಅದು ವೇಗವಾಗಿದೆ, ಚೆಂದವಾಗಿದೆ. ನನ್ನ ರೂಢಿ ಬೇರೆ, ಜೇಬು ಬೇರೆ.

ಯಾವುದೇ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡುವ ಮುಂಚೆ ನಾನೀಗ ಮಾಡುವುದಿಷ್ಟು. ಸ್ವಲ್ಪ ಫೋಟೊಗಳನ್ನು, ರಾ ಮತ್ತು ಜೆಪೆಗ್ ಎರಡನ್ನೂ, ಬೇರೆ ಫೋಲ್ಡರಿಗೆ ನಕಲು ಮಾಡುತ್ತೇನೆ. ಹೊಸ ಆವೃತ್ತಿಗೆ ಅದನ್ನು ಮಾತ್ರ ತೋರಿಸುತ್ತೇನೆ. ಒಂದು ಉದ್ದ ಟ್ಯಾಗು ಪೂರ್ತಿ ಇದೆಯಾ ನೋಡುತ್ತೇನೆ. ‘ಜೋಗ’ ಅಂತ ಹುಡುಕುತ್ತೇನೆ, ಯಾಕೆಂದರೆ ಯೂನಿಕೋಡಿನಲ್ಲಿ ‘ಓ’ಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಥರ, ಕಂಪ್ಯೂಟರಿಗೆ ಎರಡು ಬೇರೆ ಊರು. ಫೈಲಿಗೆ ತಾನೇ ಬರೆಯುವ ಆಯ್ಕೆ ಇದ್ದರೆ ಮೊದಲು ಆಫ್ ಮಾಡುತ್ತೇನೆ.

ಹಳೆಯದನ್ನು ಈ ವರ್ಷದ ಅವಧಿ ಮುಗಿಯುವ ತನಕ ಆಲ್ಬಂ ಪುಟ ಜೋಡಿಸಲು ಇಟ್ಟುಕೊಂಡಿದ್ದೇನೆ, ದುಡ್ಡು ಕಟ್ಟಿಯಾಗಿದೆಯಲ್ಲ. ಮುಂದಿನ ವರ್ಷ ಕಟ್ಟುವುದಿಲ್ಲ. ಆ ದುಡ್ಡಿಗೆ ಇನ್ನೊಂದು ಬ್ಯಾಕಪ್ ಡಿಸ್ಕು, ಸ್ವಲ್ಪ ಉಳಿದರೆ ಯುಪಿಎಸ್‌ಗೆ ಹೊಸ ಬ್ಯಾಟರಿ.